ನಮ್ಮ ಮನೆಯ ಸುರಂಗ, ಜೆಸ್ಸಿಯ ಆಟ

ನಾನು ನಿವೃತ್ತಳಾದ ಮೇಲೆ ನನ್ನ ಜಾಗಕ್ಕೆ ಬಂದ ಹುಡುಗಿ ಮೊನ್ನೆ ಫೋನು ಮಾಡಿದ್ದಳು. "ಮೇಡಂ, ಈ ಕೆಲಸದಲ್ಲಿ ಎಂತೆಲ್ಲ ಉಂಟು ಅಂತ ಸ್ವಲ್ಪ ಬರೆದು ಕೊಡ್ತೀರಾ? ಇಲ್ಲಿ ಎಂತ ಕೇಳಿದ್ರೂ ಪುಷ್ಪಾ ಮೇಡಮ್ಮಿಗೆ ಗೊತ್ತುಂಟು ಅಂತಾರೆ" ಎಂದಳು. ಯಾವ ಸ್ವಿಚ್ಚು ಯಾವ ಸಾಲಿನದ್ದು, ಯಾವ ಕಂಪ್ಯೂಟರಿಗೆ ಬೆಳಿಗ್ಗೆ ಬೆನ್ನಿಗೊಂದು ಪೆಟ್ಟು ಬೀಳಬೇಕು, ಪ್ರಾಯೋಗಿಕ ಪರೀಕ್ಷೆಗೆ ಬರುವ ಪರೀಕ್ಷಕರಿಗೆ ಚಾ ಯಾವ ಹೊತ್ತಿಗೆ ಕೊಟ್ಟರೆ ವಿದ್ಯಾರ್ಥಿಗಳಿಗೆ ಒಳ್ಳೆಯದು ಎಂಬುದನ್ನೆಲ್ಲ ಫೋನಿನಲ್ಲಿಯೇ ಹೇಳಿ ಮುಗಿಸಿದೆ. ಉಳಿದದ್ದನ್ನು ಬರೆಯಲು ಕೂತರೆ, ಪುತ್ತೂರಿನ ಆ ಕಾಲೇಜಿನ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿ ಇದ್ದಷ್ಟು ವರ್ಷವೂ ನನ್ನ ಜೊತೆ ಬಿಡದೆ ಇದ್ದದ್ದು ಹೊಟ್ಟೆಕಿಚ್ಚು ಎಂದು ಕಾಣುತ್ತದೆ. ಅದನ್ನು ಬಿಟ್ಟು ಬರೆದರೆ ಬರೆದ ಹಾಗೆ ಆಗುವುದಿಲ್ಲ.

ನಾನು ಸೇರುವಾಗ ಲ್ಯಾಬು ಎಂದರೆ ದೇವರ ಕೋಣೆ. ಚಪ್ಪಲಿ ಹೊರಗೆ, ಕಿಟಕಿಗೆ ದಪ್ಪ ಪರದೆ, ಪ್ರತಿ ಕಂಪ್ಯೂಟರಿಗೂ ಹೊಲಿಸಿದ ಬಟ್ಟೆಯ ಹೊದಿಕೆ. ನಾನು ಸವಣೂರಿನಿಂದ ಬೆಳಗಿನ ಬಸ್ಸಿನಲ್ಲಿ ಬಂದು ಹೊದಿಕೆ ತೆಗೆದು ಮಡಚಿಡುತ್ತಿದ್ದೆ, ಸಂಜೆ ಮತ್ತೆ ಹೊದಿಸುತ್ತಿದ್ದೆ. ನಡುವೆ ಕರೆಂಟು ಹೋಗುವುದು, ಬರುವುದು. ಮಳೆಗಾಲಕ್ಕೆ ಮೊದಲಿನ ಗುಡುಗು ಪುತ್ತೂರಿನಲ್ಲಿ ಹೇಳಿ ಕೇಳಿ ಬರುವುದಿಲ್ಲ. ದೂರದಲ್ಲಿ ಮೊದಲ ಸದ್ದು ಕೇಳಿದ ಕೂಡಲೇ ಎಲ್ಲ ಪ್ಲಗ್ಗು ಕಿತ್ತು ನೆಲಕ್ಕೆ ಹಾಕಬೇಕು. ಪಾಠ ಮಾಡುತ್ತಿದ್ದವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಈ ಒಂದನ್ನು ಮಾತ್ರ ಹೊಸಬರು ಈಗಲೂ ಪಾಲಿಸಬೇಕು.

ನನ್ನ ದೊಡ್ಡ ಎಡವಟ್ಟು ಆಗಿದ್ದು ಸೇರಿದ ಮೊದಲ ಮಳೆಗಾಲದಲ್ಲೇ. ಫ್ಲಾಪಿ ಎಂಬ ಚಪ್ಪಟೆ ಡಿಸ್ಕುಗಳಲ್ಲಿ ಆಗ ಎಲ್ಲವನ್ನೂ ಇಡುತ್ತಿದ್ದೆವು. ಆಟಿ ತಿಂಗಳ ಜಡಿಮಳೆಯ ತೇವಕ್ಕೆ ಅವುಗಳ ಮೇಲೆ ಬಿಳಿ ಬೂಸ್ಟು ಬಂತು. ಒಂದು ದಿನ ಅಪರೂಪಕ್ಕೆ ಬಿಸಿಲು ಬಿತ್ತು. ನಾನು ವಿಭಾಗದ ಫ್ಲಾಪಿಗಳನ್ನೆಲ್ಲ ತಾರಸಿಗೆ ಒಯ್ದು ಪೇಪರಿನ ಮೇಲೆ ಹರಡಿ ಒಣಗಲಿಟ್ಟೆ. ಮಧ್ಯಾಹ್ನ ನೋಡುವಾಗ ಒಂದೆರಡು ಬಿಟ್ಟು ಎಲ್ಲ ದೋಣಿಯ ಹಾಗೆ ಬಾಗಿದ್ದವು. ವಿಭಾಗದ ಮುಖ್ಯಸ್ಥರಾಗಿದ್ದ ಶ್ಯಾಮ ಸರ್ ಬಂದು ಒಂದನ್ನು ಕೈಯಲ್ಲಿ ಹಿಡಿದು ಆಚೆ ಈಚೆ ತಿರುಗಿಸಿ ನೋಡಿದರು. "ಪುಷ್ಪಾ, ಇದು ಹಪ್ಪಳ ಅಲ್ಲ" ಎಂದು ಹೇಳಿ ಹೋದರು. ಬೈದಿದ್ದರೆ ಅಂದೇ ಮರೆಯುತ್ತಿದ್ದೆ.

ಬಾಗದೆ ಉಳಿದ ಒಂದೆರಡು ಫ್ಲಾಪಿಗಳಲ್ಲಿ ಒಂದರೊಳಗೆ ಆ ಆಟ ಇತ್ತು. ಯಾರು ತಂದದ್ದೋ ಗೊತ್ತಿಲ್ಲ. ಈಗಿನವರಿಗೆ ಅದು ಆಟ ಎಂದರೆ ನಂಬಿಕೆ ಬಾರದು. ಚಿತ್ರ ಇಲ್ಲ, ಬಣ್ಣ ಇಲ್ಲ, ಸದ್ದಿಲ್ಲ. ಕಪ್ಪು ಪರದೆಯಲ್ಲಿ ನಾಲ್ಕು ಸಾಲು ಇಂಗ್ಲಿಷ್ ಅಕ್ಷರ. ನೀನು ಒಂದು ನೆಲಮಾಳಿಗೆಯಲ್ಲಿದ್ದೀ, ಉತ್ತರಕ್ಕೆ ಒಂದು ಬಾಗಿಲು, ನೆಲದಲ್ಲಿ ಒಂದು ಹಗ್ಗ ಬಿದ್ದಿದೆ ಎನ್ನುತ್ತದೆ. ಮುಂದೆ ಏನು ಮಾಡಬೇಕು ಎನ್ನುವುದನ್ನು ನಾವು ಟೈಪ್ ಮಾಡಬೇಕು. ಹಗ್ಗ ತೆಗೆದುಕೋ ಎಂದರೆ ತೆಗೆದುಕೊಳ್ಳುತ್ತದೆ. ಉತ್ತರಕ್ಕೆ ಹೋಗು ಎಂದರೆ ಇನ್ನೊಂದು ಕೋಣೆ. ಹಾಗೆಯೇ ಕೋಣೆಯಿಂದ ಕೋಣೆಗೆ, ಕತ್ತಲೆಯಿಂದ ಕತ್ತಲೆಗೆ ಇಳಿಯುತ್ತಾ ಹೋಗುವುದು. ತಪ್ಪಿದರೆ ಸಾವು, ಮತ್ತೆ ಮೊದಲಿನಿಂದ.

ನನಗೆ ಅದರ ಹುಚ್ಚು ಹಿಡಿಯಿತು. ಊಟದ ಬಿಡುವಿನಲ್ಲಿ ಬುತ್ತಿ ಬಿಚ್ಚದೆ ಆಡಿದ ದಿನಗಳಿವೆ. ಪ್ರಿಂಟರಿನ ತೂತು ಅಂಚಿನ ಕಾಗದದ ಹಿಂಬದಿಯಲ್ಲಿ ಕೋಣೆಗಳ ನಕ್ಷೆ ಬರೆದು, ಕಾಗದ ಸಾಲದೆ ಅಂಟಿಸಿ ಅಂಟಿಸಿ ಚಾಪೆಯಷ್ಟು ಉದ್ದ ಮಾಡಿದ್ದೆ. ಲ್ಯಾಬಿನಲ್ಲಿ ಆಟ ನಿಷೇಧ ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದ ಶ್ಯಾಮ ಸರ್ ಒಂದು ದಿನ ಬಾಗಿಲು ಮುಚ್ಚಿ ಬಂದು, "ಪುಷ್ಪಾ, ಆ ಮುರಿದ ಸೇತುವೆ ದಾಟುದು ಹೇಗೆ?" ಎಂದು ಮೆಲ್ಲಗೆ ಕೇಳಿದರು. ಟೈಪಿಂಗ್ ಪಾಸಾಗಿ ಬಂದ ನನ್ನನ್ನು ಎಂ.ಎಸ್‌ಸಿ. ಮಾಡಿದವರು ಕೇಳಿದ್ದರು. ಅಂದು ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಹೋದದ್ದು, ಕಾಲು ನೋವು ತಿಳಿಯಲಿಲ್ಲ.

ಆಮೇಲೆ ಜೆಸ್ಸಿ ಬಂದಳು.

ಜೆಸ್ಸಿ ನೆಲ್ಯಾಡಿಯವಳು, ಹೊಸ ಉಪನ್ಯಾಸಕಿ. ಅವಳ ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ರಬ್ಬರ್ ಹಾಕಿದ ಮನೆತನ. ಮನೆಯಲ್ಲಿ ಮಲಯಾಳ. ಕನ್ನಡ ಶಾಲೆಯಲ್ಲಿ ಕಲಿತದ್ದು, ಮಾತಾಡುವಾಗ ಕೊನೆಯಲ್ಲಿ ಸ್ವಲ್ಪ ಎಳೆಯುತ್ತಿದ್ದಳು. ನನಗಿಂತ ಚಿಕ್ಕವಳು, ಎರಡನೇ ದಿನವೇ ನನ್ನನ್ನು ಪುಷ್ಪಕ್ಕ ಎಂದು ಕರೆದಳು. ಒಳ್ಳೆಯವಳು ಎಂದುಕೊಂಡೆ. ಅದು ಮಧ್ಯಾಹ್ನದ ತನಕ ಮಾತ್ರ.

ನಾನು ಆಗ ಆಟದಲ್ಲಿ ಒಂದು ಕೋಣೆಯಲ್ಲಿ ಬಹಳ ದಿನದಿಂದ ಸಿಕ್ಕಿಬಿದ್ದಿದ್ದೆ. ನಾಲ್ಕೂ ಕಡೆ ಗೋಡೆ, ಬಾಗಿಲಿಲ್ಲ. ಗೋಡೆ ಒಡೆದು ನೋಡಿದ್ದೆ, ದೂಡಿ ನೋಡಿದ್ದೆ, ಬೆಂಕಿ ಹಚ್ಚಿ ನೋಡಿದ್ದೆ. ಜೆಸ್ಸಿ ನನ್ನ ಹೆಗಲ ಹಿಂದೆ ನಿಂತು ಪರದೆಯನ್ನು ಓದಿದಳು. "ಪುಷ್ಪಕ್ಕ, ಒಂದು ನಾನು ಹಾಕ್ಲಾ?" ಎಂದು ಕೇಳಿ ಬಗ್ಗಿ ಟೈಪ್ ಮಾಡಿದಳು, ಕೇಳು ಎಂದು. ಪಶ್ಚಿಮದ ಗೋಡೆಯ ಹಿಂದೆ ನೀರು ಹರಿಯುವ ಸದ್ದು ಇದೆ ಎಂದು ಆಟ ಹೇಳಿತು. ನೋಡು, ಎತ್ತು, ಹೊಡೆ ಎಂದೆಲ್ಲ ಕೊಟ್ಟಿದ್ದ ನನಗೆ ಕೇಳು ಎಂದು ಹೇಳಬಹುದು ಅಂತ ಹೊಳೆದೇ ಇರಲಿಲ್ಲ. "ಚೆಂದ ಉಂಟಲ್ಲ ಆಟ" ಎಂದು ಹೇಳಿ ಅವಳು ತನ್ನ ತರಗತಿಗೆ ಹೋದಳು. ಮುಂದಿನ ವಾರ ಶ್ಯಾಮ ಸರ್ ಮತ್ತೊಂದು ಕಡೆ ಸಿಕ್ಕಿಬಿದ್ದಾಗ ಕೇಳಿದ್ದು ಜೆಸ್ಸಿಯನ್ನು.

ಆದರೂ ನಾವು ಒಟ್ಟಿಗೆ ಊಟ ಮಾಡುತ್ತಿದ್ದೆವು. ಲ್ಯಾಬಿನ ಹಿಂದೆ ಯುಪಿಎಸ್ ಇಡುವ ಸಣ್ಣ ಕೋಣೆ, ಅಲ್ಲಿ ಎರಡು ಸ್ಟೂಲು. ಅವಳು ನನ್ನ ಬುತ್ತಿಯ ಬಾಳೆಕಾಯಿ ಪಲ್ಯ ತಿನ್ನುತ್ತಿದ್ದಳು, ನಾನು ಅವಳ ಮರಗೆಣಸು. ಅಲ್ಲಿ ಒಂದು ದಿನ ಮಾತಿಗೆ ಮಾತು ಬಂದು ನಮ್ಮ ಮನೆಯ ಸುರಂಗದ ವಿಷಯ ಹೇಳಿದೆ.

ನಮ್ಮ ಕಡೆ ಬಾವಿ ತೋಡಿದರೆ ನೀರು ಸಿಗದ ಗುಡ್ಡದಲ್ಲಿ ಅಡ್ಡಕ್ಕೆ ಸುರಂಗ ಕೊರೆಯುತ್ತಾರೆ. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲ. ಗುಡ್ಡದ ಹೊಟ್ಟೆಯಲ್ಲಿ ಒಸರುವ ನೀರು ಅದರ ನೆಲದಲ್ಲಿ ತಾನಾಗಿ ಹರಿದು ಹೊರಗೆ ಬರುತ್ತದೆ. ವರ್ಷಕ್ಕೊಮ್ಮೆ ಹೂಳು ತೆಗೆಯಲು ಅಪ್ಪ ಆಳಿನ ಜೊತೆ ಒಳಗೆ ಹೋಗುತ್ತಿದ್ದರು. ನನ್ನ ತಮ್ಮ ರಮೇಶ ದೀಪ ಹಿಡಿದುಕೊಂಡು ಜೊತೆಗೆ ಹೋಗುತ್ತಿದ್ದ. ಹೆಣ್ಣುಮಕ್ಕಳು ಹೊಕ್ಕರೆ ಒರತೆ ಬತ್ತುತ್ತದೆ ಎಂಬುದು ಅಜ್ಜಿಯ ಕಾನೂನು. ನಾನು ದೊಡ್ಡವಳು, ನನಗೆ ಸುರಂಗದ ಬಾಯಲ್ಲಿ ನಿಲ್ಲುವ ಕೆಲಸ. ಒಳಗಿನಿಂದ ಬಂದ ಮಣ್ಣಿನ ಬುಟ್ಟಿ ಎಳೆದು ಸುರಿಯುವುದು. ರಮೇಶ ಕೆಂಪು ಕೆಸರು ಮೆತ್ತಿಕೊಂಡು ಹೊರಗೆ ಬರುವಾಗ ಯುದ್ಧ ಗೆದ್ದವನ ಹಾಗೆ ಕಾಣುತ್ತಿದ್ದ.

"ಹೊರಗೆ ನಿಂತರೆ ಎಂತ ಗೊತ್ತಾಗ್ತದೆ?" ಎಂದು ಜೆಸ್ಸಿ ಕೇಳಿದಳು.

"ಎಲ್ಲ ಗೊತ್ತಾಗ್ತದೆ. ಹೋದವರ ಮಾತು ಮೊದಲು ದೊಡ್ಡ ಕೇಳ್ತದೆ. ಮೊದಲನೇ ತಿರುವು ದಾಟಿದ ಮೇಲೆ ಸ್ವರ ಉಂಟು, ಮಾತು ಇಲ್ಲ. ಆಮೇಲೆ ಹಾರೆಯ ಪೆಟ್ಟು ಮಾತ್ರ. ಅದು ಕಿವಿಗೆ ಕೇಳುದಿಲ್ಲ, ಕಾಲಿಗೆ ಕೇಳುದು. ಬಾವಲಿ ಹೊರಗೆ ಬರುವ ಮೊದಲು ಅದರ ವಾಸನೆ ಬರ್ತದೆ" ಎಂದೆ.

ಅವಳು ಮರಗೆಣಸು ಕೈಯಲ್ಲೇ ಹಿಡಿದುಕೊಂಡು ಕೂತಿದ್ದಳು. ಆಮೇಲಿನ ದಿನಗಳಲ್ಲಿಯೂ ಕೇಳುತ್ತಿದ್ದಳು. ನೆಲ ಹೇಗೆ, ಗಾಳಿ ಹೇಗೆ, ದೀಪ ಆರಿದರೆ ಏನು ಮಾಡುತ್ತಿದ್ದರು. ನನ್ನ ಮಾತನ್ನು ಅಷ್ಟು ಗಮನ ಕೊಟ್ಟು ಅದುವರೆಗೆ ಯಾರೂ ಕೇಳಿರಲಿಲ್ಲ. ಹೇಳುತ್ತಾ ಹೋದೆ.

ರಜೆ ಮುಗಿಸಿ ಬಂದ ಜೆಸ್ಸಿ ಒಂದು ಫ್ಲಾಪಿ ಹಾಕಿ, "ಪುಷ್ಪಕ್ಕ, ನಾನೊಂದು ಆಟ ಮಾಡಿದ್ದೇನೆ, ನೋಡಿ" ಎಂದಳು. ಕನ್ನಡದಲ್ಲಿ ಮಾತಾಡುವ ಆಟ. ಕನ್ನಡದ ಲಿಪಿ ಆಗ ನಮ್ಮ ಕಂಪ್ಯೂಟರುಗಳಲ್ಲಿ ಇರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಮೊದಲ ಸಾಲು: ನೀನು ಸುರಂಗದ ಬಾಯಲ್ಲಿ ನಿಂತಿದ್ದಿ. ಉತ್ತರ ದಕ್ಷಿಣ ಎಂದು ಹಾಕಬೇಕಿಲ್ಲ, ನಾವು ಹೇಳುವ ಹಾಗೆ ಬಡಗು, ತೆಂಕು, ಮೂಡು, ಪಡು. ಹೋಗುವುದು ಎಂದರೂ ಅದಕ್ಕೆ ತಿಳಿಯುತ್ತದೆ, ಹೋಗುದು ಎಂದರೂ ತಿಳಿಯುತ್ತದೆ. ಎಂತ ಉಂಟು ಎಂದು ಕೇಳಿದರೆ ಸುತ್ತ ಏನಿದೆ ಎಂದು ಹೇಳುತ್ತದೆ. ಆಡುವವಳು ಒಬ್ಬ ಹುಡುಗಿ, ಒರತೆ ಹುಡುಕಿಕೊಂಡು ಒಳಗೆ ಹೋಗುತ್ತಾಳೆ.

ಮೊದಲ ಸಾಲು ಓದಿದ್ದೇ ನನ್ನ ಮೈ ಬಿಸಿಯಾಯಿತು. "ಇದು ನಮ್ಮ ಮನೆಯ ಸುರಂಗ ಅಲ್ವಾ?" ಎಂದೆ.

"ಹೌದು ಪುಷ್ಪಕ್ಕ. ನೀವು ಹೇಳಿದ್ದು ಕೇಳಿಯೇ ಮಾಡಿದ್ದು. ಅದಕ್ಕೇ ಮೊದಲು ನಿಮಗೆ ತೋರಿಸಿದ್ದು. ಕೂತುಕೊಳ್ಳಿ, ಆಡಿ."

"ನನಗೆ ಕೆಲಸ ಉಂಟು" ಎಂದು ಹೇಳಿ ಕೀಬೋರ್ಡುಗಳನ್ನು ಒರೆಸಲು ಹೋದೆ. ಬೆಳಿಗ್ಗೆಯೇ ಒರೆಸಿ ಆಗಿತ್ತು.

ಆ ಆಟ ಕಾಲೇಜಿನಲ್ಲಿ ಹಬ್ಬಿತು. ಕಂಪ್ಯೂಟರ್ ಎಂದರೆ ಹೆದರಿ ಬೆವರುತ್ತಿದ್ದ ಸುಳ್ಯದ ಕಡೆಯ ಮಕ್ಕಳು, ಮನೆಯಲ್ಲಿ ಅರೆಭಾಷೆ ಆಡುವವರು, ತುಳು ಆಡುವವರು, ಎಲ್ಲ ಬಿಡುವಿನ ಹೊತ್ತಿನಲ್ಲಿ ಬಂದು ಸುರಂಗ ಉಂಟಾ ಮೇಡಂ ಎಂದು ಕೇಳುವುದು. ಜೆಸ್ಸಿ ಮಿಸ್ಸಿನ ಸುರಂಗ ಎಂದೇ ಅದಕ್ಕೆ ಹೆಸರು ಬಿತ್ತು. ಪರೀಕ್ಷೆಗೆ ಬಂದ ಒಬ್ಬ ಪರೀಕ್ಷಕರು ಅಂಕ ಹಾಕುವುದನ್ನು ಬಿಟ್ಟು ಅದನ್ನೇ ಆಡುತ್ತಾ ಕೂತರು. ನಾನು ಚಾದ ಲೋಟ ಹಿಡಿದು ಪಕ್ಕದಲ್ಲಿ ನಿಂತಿದ್ದೆ. "ಈ ಮಿಸ್ಸಿಗೆ ಸುರಂಗದ ಅನುಭವ ಭಾರಿ ಉಂಟು ಕಾಣ್ತದೆ" ಎಂದು ಅವರು ನನ್ನ ಹತ್ತಿರವೇ ಹೇಳಿದರು. ಕಾಲೇಜಿಗೆ ಕಾಲೇಜೇ ನಮ್ಮ ಸುರಂಗವನ್ನು ಹೊಕ್ಕು ಬಂದಿತ್ತು. ಹೊರಗೆ ನಿಂತವಳು ನಾನೊಬ್ಬಳೇ.

ನಾನು ಸುಮ್ಮನೆ ಕೂರಲಿಲ್ಲ. ಪ್ರೋಗ್ರಾಮ್ ಬರೆಯುವುದನ್ನು ಹಟದಿಂದ ಕಲಿತೆ. ಟೈಪಿಂಗ್ ಮಾತ್ರ ಪಾಸಾಗಿ ಬಂದವಳು ಕೋಡ್ ಬರೆಯಲು ಕಲಿತದ್ದು ಹೇಗೆ ಎಂದು ಆಮೇಲೆ ಹಲವರು ಕೇಳಿದ್ದುಂಟು, ನಗುತ್ತಿದ್ದೆ. ಒಂದು ವರ್ಷದ ಮೇಲೆ ನನ್ನ ಆಟ ಸಿದ್ಧವಾಯಿತು. ಹಾಳು ಅರಮನೆಯ ನೆಲಮಾಳಿಗೆ. ಕೆಂಪು ಕಲ್ಲಿನ ಕಣ್ಣಿರುವ ಏಳು ಹೆಡೆಯ ಸರ್ಪ, ಮಿನುಗುವ ಚಿನ್ನದ ಕಂಬಗಳು, ಕತ್ತಿ ಹಿಡಿದ ಅಸ್ಥಿಪಂಜರಗಳು. ಜೆಸ್ಸಿಯ ಆಟಕ್ಕಿಂತ ಕೋಣೆಗಳು ಬಹಳ ಹೆಚ್ಚು. ವಿದ್ಯಾರ್ಥಿಗಳು ಒಂದು ವಾರ ಆಡಿದರು. ಒಬ್ಬ ಧೈರ್ಯ ಮಾಡಿ ಹೇಳಿದ. "ಮೇಡಂ, ಬೇಸರ ಮಾಡ್ಬೇಡಿ. ಇದರಲ್ಲಿ ಎಂತ ಮಾಡಿದ್ರೂ ಸಾಯುದೇ."

ಅದನ್ನು ಕೊನೆಯ ತನಕ ಆಡಿದವಳು ಜೆಸ್ಸಿ ಮಾತ್ರ. ಎಲ್ಲ ಕೋಣೆಗೆ ಹೋಗಿ, ಸತ್ತು, ಮತ್ತೆ ಬಂದು, ಮುಗಿಸಿದಳು. ಮುಗಿಸಿ ಊಟದ ಹೊತ್ತಿನಲ್ಲಿ ಹೇಳಿದಳು. "ಪುಷ್ಪಕ್ಕ, ಕೆಲಸ ತುಂಬ ಗಟ್ಟಿ ಉಂಟು. ಆದರೆ ಆಡುವವರು ಸೋಲ್ಬೇಕು ಅಂತ ನಿಮಗೆ ಒಂದು ಆಸೆ ಉಂಟು. ಅದು ಅವರಿಗೆ ಗೊತ್ತಾಗ್ತದೆ."

"ನೀನು ನನ್ನದನ್ನು ತೆಗೊಂಡು ಗೆದ್ದವಳು. ನೀನು ಹೇಳ್ಬಹುದು" ಎಂದೆ.

ಅವಳ ಮುಖ ಸಣ್ಣದಾಯಿತು. "ನಿಮಗೆ ಹಾಗೆ ಕಂಡ್ರೆ ಆಟದ ಮೇಲೆ ನಿಮ್ಮ ಹೆಸರು ಹಾಕ್ತೇನೆ. ನಾನು ನನ್ನದೂ ಹಾಕ್ಲಿಲ್ಲ" ಎಂದಳು.

ಅದು ನಿಜ. ಆ ಆಟದಲ್ಲಿ ಎಲ್ಲಿಯೂ ಅವಳ ಹೆಸರು ಇರಲಿಲ್ಲ. ಹೆಸರು ಹಾಕಿದ್ದರೆ ನನಗೆ ಜಗಳಕ್ಕೆ ಒಂದು ಕಾರಣವಾದರೂ ಸಿಗುತ್ತಿತ್ತು. "ಬೇಡ" ಎಂದೆ. ಅಂದಿನಿಂದ ಬುತ್ತಿಯ ಪಲ್ಯ ಹಂಚಿಕೊಳ್ಳುವುದು ನಿಂತಿತು. ಮಾತು ನಿಲ್ಲಲಿಲ್ಲ. ಲ್ಯಾಬಿನ ಕೆಲಸದ ಮಾತು ಇದ್ದೇ ಇತ್ತು.

ಆ ವರ್ಷ ಹೊರಗಿನಿಂದ ತಪಾಸಣೆಯ ತಂಡ ಬರುವುದಿತ್ತು. ಶ್ಯಾಮ ಸರ್ ನನ್ನನ್ನು ಕರೆದು, "ಲ್ಯಾಬಿನಲ್ಲಿರುವ ಆಟಗಳನ್ನೆಲ್ಲ ತೆಗೆದುಬಿಡು ಪುಷ್ಪಾ, ಒಂದೂ ಇರಬಾರದು" ಎಂದರು. ಜೆಸ್ಸಿ ಆಗ ಹೆರಿಗೆ ರಜೆಯಲ್ಲಿದ್ದಳು. ಸುರಂಗದ ಮೂಲ ಪ್ರತಿ ಇದ್ದದ್ದು ನನ್ನ ಬೀರುವಿನಲ್ಲಿ. ಅಳಿಸಿದರೆ ಕೇಳುವವರು ಇಲ್ಲ, ಮುಖ್ಯಸ್ಥರ ಆಜ್ಞೆಯೇ ಉಂಟು. ಕಂಪ್ಯೂಟರುಗಳಿಂದ ಎಲ್ಲ ಆಟಗಳನ್ನೂ ಅಳಿಸಿದೆ, ನನ್ನ ಅರಮನೆಯನ್ನೂ. ಸುರಂಗದ ಮೂಲ ಪ್ರತಿಯನ್ನು ಮಾತ್ರ ಉಳಿಸಿದೆ. ಒಳ್ಳೆಯತನ ಎಂದು ತಿಳಿಯಬೇಡಿ. ಅಳಿಸಿದರೆ ಅದು ಎಲ್ಲರ ನೆನಪಿನಲ್ಲಿ ಒಂದು ಕುಂದೂ ಇಲ್ಲದೆ ಉಳಿದುಬಿಡುತ್ತದೆ ಎಂದು ನನಗೆ ಗೊತ್ತಿತ್ತು. ಇದ್ದರೆ ಮುಂದೆ ಬರುವ ಮಕ್ಕಳಿಗೆ ಒಂದು ದಿನ ಬೇಸರ ಬಂದೀತು, ಇದೆಂಥ ಆಟ ಎಂದಾರು. ಆ ದಿನವನ್ನು ನೋಡುವ ಆಸೆ ನನಗೆ. ತಂಡ ಬಂದು ಹೋದ ಮೇಲೆ ಅದನ್ನು ಮತ್ತೆ ಎಲ್ಲ ಕಂಪ್ಯೂಟರಿಗೆ ಹಾಕಿದೆ. ಮನೆಯಲ್ಲಿಟ್ಟಿದ್ದ ಫ್ಲಾಪಿಯಿಂದ ನನ್ನದನ್ನೂ ಹಾಕಿದೆ. ಯಾರೂ ನನ್ನದು ಎಲ್ಲಿ ಹೋಗಿತ್ತು ಎಂದು ಕೇಳಿರಲಿಲ್ಲ.

ರಜೆ ಮುಗಿದ ಮೇಲೆ ಜೆಸ್ಸಿ ಹೆಚ್ಚು ದಿನ ಇರಲಿಲ್ಲ. ಕಡಬದ ಕಡೆ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಮನೆಗೆ ಹತ್ತಿರ. ಹೊರಡುವ ದಿನ ಯುಪಿಎಸ್ ಕೋಣೆಗೆ ಬಂದು ನಿಂತಳು. "ಪುಷ್ಪಕ್ಕ, ಒಮ್ಮೆಯಾದ್ರೂ ಆಡಿ. ಸರಿ ಆಗಿದ್ಯಾ ಇಲ್ವಾ ಅಂತ ನೀವು ಹೇಳ್ಬೇಕು. ಬೇರೆ ಯಾರು ಹೊಗಳಿದ್ರೂ ನನಗೆ ಸಾಕಾಗುದಿಲ್ಲ" ಎಂದಳು. ನೋಡುವ ಎಂದೆ. ನೋಡಲಿಲ್ಲ.

ಆಮೇಲಿನ ವರ್ಷಗಳಲ್ಲಿ ಕೆಲಸದ ರೀತಿಯೇ ಬದಲಾಯಿತು. ಮೌಸಿನ ಹೊಟ್ಟೆಯಿಂದ ಉಂಡೆ ತೆಗೆದು ಉಜ್ಜುವ ಕೆಲಸ ಹೋಯಿತು. ಫ್ಲಾಪಿ ಹೋಗಿ ಸಿಡಿ ಬಂತು, ಸಿಡಿ ಹೋಗಿ ಪೆನ್‌ಡ್ರೈವ್ ಬಂತು. ಚಪ್ಪಲಿ ಒಳಗೆ ಬಂತು. ಕಂಪ್ಯೂಟರುಗಳು ಬದಲಾದಾಗಲೆಲ್ಲ ಹಳೆಯ ವಿದ್ಯಾರ್ಥಿಗಳ ತಮ್ಮಂದಿರು ತಂಗಿಯರು ಸುರಂಗ ಉಂಟಾ ಎಂದು ಕೇಳಿದರು, ನಾನು ಅದನ್ನು ಹೊಸದಕ್ಕೆ ಸಾಗಿಸಿದೆ. ಕನ್ನಡ ಲಿಪಿ ಬಂದಾಗ ಆಟದ ಮಾತುಗಳನ್ನೆಲ್ಲ ಕನ್ನಡ ಅಕ್ಷರಕ್ಕೆ ಬದಲಿಸಬೇಕಾಯಿತು. ಕುಳಿತು ಓದಬೇಕಾಗುತ್ತದಲ್ಲ ಎಂದು ಆ ಕೆಲಸವನ್ನು ಕೊನೆಯ ವರ್ಷದ ಮಕ್ಕಳಿಗೆ ಪ್ರಾಜೆಕ್ಟ್ ಎಂದು ಹಂಚಿದೆ. ಅವರು ಚೆನ್ನಾಗಿಯೇ ಮಾಡಿದರು. ಆದರೆ ಆ ಕಪ್ಪು ಪರದೆಯಲ್ಲಿ ಕನ್ನಡದ ಒತ್ತಕ್ಷರ ಕೂಡಿಕೊಳ್ಳುತ್ತಿರಲಿಲ್ಲ, ಎಲ್ಲ ಒಡೆದು ಚೆಲ್ಲಿದ ಹಾಗೆ ಕಾಣುತ್ತಿತ್ತು. ಓದಲು ಕಷ್ಟವಾಗಿ ಮಕ್ಕಳು ಬಿಟ್ಟರು. ಮೊಬೈಲೂ ಬಂದಿತ್ತು. ನಾನು ಕಾದಿದ್ದ ದಿನ ಬಂತು, ಸುರಂಗವನ್ನು ಕೇಳುವವರು ಇಲ್ಲವಾದರು. ಅಂದುಕೊಂಡಷ್ಟು ಖುಷಿ ಆಗಲಿಲ್ಲ.

ನನ್ನ ನಿವೃತ್ತಿ ಹತ್ತಿರ ಬಂದ ವರ್ಷ ಮಿಸ್ರಿಯಾ ಬಿ.ಕಾಂ.ಗೆ ಸೇರಿದಳು. ಸುಳ್ಯದ ಹುಡುಗಿ, ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಪರದೆಯಲ್ಲಿ ಬರುವುದನ್ನು ಓದಿ ಹೇಳುವ ತಂತ್ರಾಂಶ ಉಂಟಲ್ಲ, ಅದನ್ನು ಒಂದು ಕಂಪ್ಯೂಟರಿಗೆ ಹಾಕಿ ಕೊಟ್ಟೆ. ಅವಳು ಅದನ್ನು ಎಷ್ಟು ವೇಗದಲ್ಲಿ ಇಡುತ್ತಿದ್ದಳೆಂದರೆ ನಮಗೆ ಜೀರುಂಡೆಯ ಸದ್ದಿನ ಹಾಗೆ ಕೇಳುತ್ತಿತ್ತು, ಅವಳಿಗೆ ಮಾತು. ಗೆಳತಿಯರು ಬಿಡುವಿನಲ್ಲಿ ಮೊಬೈಲಿನಲ್ಲಿ ಆಡುವಾಗ ಅವಳು ಸುಮ್ಮನೆ ಕೂತಿರುತ್ತಿದ್ದಳು. ಒಂದು ದಿನ ಕೇಳಿದಳು. "ಮೇಡಂ, ನನಗೆ ಆಡ್ಲಿಕ್ಕೆ ಆಗುವ ಹಾಗಿನದ್ದು ಎಂತಾದ್ರೂ ಉಂಟಾ?"

ಉಂಟು ಎಂದೆ. ಲ್ಯಾಬಿನಲ್ಲಿ ಅಂಥವು ಎರಡು ಇದ್ದವು. ನಾನು ನನ್ನದನ್ನು ಹಾಕಿಕೊಟ್ಟೆ.

ಅವಳು ಕೆಲವು ದಿನ ಆಡಿದಳು. ಹೇಗುಂಟು ಎಂದು ಕೇಳಿದೆ. ಹೇಳಲು ಸ್ವಲ್ಪ ಸಂಕೋಚಪಟ್ಟಳು. "ಒಳ್ಳೇದುಂಟು ಮೇಡಂ. ಆದರೆ ಇದರಲ್ಲಿ ಎಲ್ಲ ಹೊಳೆಯುದು, ಮಿನುಗುದು, ಕೆಂಪು, ಹಸಿರು. ಕಣ್ಣಿದ್ದವರ ಮನೆ ಇದು. ನನಗೆ ಎಂತ ಸಿಗುದಿಲ್ಲ ಇದರಲ್ಲಿ."

ಇನ್ನೊಂದು ಉಂಟು ಎಂದು ಹೇಳದೆ ಇರಬಹುದಿತ್ತು. ಎರಡು ದಿನ ಹೇಳಲಿಲ್ಲ. ಮೂರನೆಯ ದಿನ ಅವಳು ಮತ್ತೆ ಸುಮ್ಮನೆ ಕೂತದ್ದನ್ನು ನೋಡಿ ಸುರಂಗವನ್ನು ತೆರೆದು ಕೊಟ್ಟೆ. ನಮಗೆ ಒಡೆದು ಕಾಣುವ ಅಕ್ಷರ ಅವಳ ಯಂತ್ರಕ್ಕೆ ಇಡಿಯಾಗಿಯೇ ಇತ್ತು. ಕಿವಿಯ ವಯರನ್ನು ತೆಗೆದು, ವೇಗ ಕಡಿಮೆ ಮಾಡಿ, "ನೀವೂ ಕೇಳಿ ಮೇಡಂ" ಎಂದು ಪಕ್ಕದ ಕುರ್ಚಿ ಎಳೆದಳು. ಎದ್ದು ಹೋಗಲು ನನಗೆ ಕಾರಣ ಸಿಗಲಿಲ್ಲ.

ಏರಿಳಿತವಿಲ್ಲದ ಆ ಯಂತ್ರದ ಸ್ವರ ಹೇಳಿತು. ಸುರಂಗದ ಬಾಯಲ್ಲಿ ನಿಂತಿದ್ದಿ. ಅವಳು ಒಳಗೆ ಹೋದಳು. ತಿರುವು ದಾಟಿದಳು. ಹಿಂದೆ ಸ್ವರ ಉಂಟು, ಮಾತು ಇಲ್ಲ ಎಂದಿತು. ದೀಪ ಆರಿತು. ಅವಳು ಒಂದಿಷ್ಟೂ ಗಾಬರಿಯಾಗದೆ ಮುಂದೆ ಹೋದಳು. ಹಾರೆಯ ಪೆಟ್ಟು ಕಾಲಿಗೆ ಕೇಳುತ್ತದೆ ಎಂದಿತು ಯಂತ್ರ.

ನಾನು ಅಲ್ಲಿಯೇ ಕೂತೆ. ಯುಪಿಎಸ್ ಕೋಣೆಯಲ್ಲಿ ಮರಗೆಣಸು ತಿನ್ನುತ್ತಾ ನಾನು ಹೇಳಿದ ಮಾತುಗಳು, ನನಗೇ ಮರೆತು ಹೋದಂಥವು, ಒಂದೊಂದೇ ಬರುತ್ತಿದ್ದವು. ಕದ್ದಿದ್ದಾಳೆ ಎಂಬ ಸಿಟ್ಟು ಮೊದಲು ಬಂತು. ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ನಾನು ಹೇಳಿದ್ದರಲ್ಲಿ ಅವಳು ಯಾವುದನ್ನು ಬಿಟ್ಟಿದ್ದಾಳೆ ಎಂದು ಹುಡುಕತೊಡಗಿದೆ. ಹೆಚ್ಚಿನದನ್ನು ಬಿಟ್ಟಿದ್ದಳು. ಬಿಡಬೇಕಾದದ್ದನ್ನೇ ಬಿಟ್ಟಿದ್ದಳು. ಹಾಗೆ ಬಿಡಲು ನನಗೆ ಬರುವುದಿಲ್ಲ ಎಂದು ಗೊತ್ತಾದಾಗ ಬಂದ ಹೊಟ್ಟೆಕಿಚ್ಚು, ಅಷ್ಟು ವರ್ಷ ಇದ್ದದ್ದಕ್ಕಿಂತ ಜೋರಿನದ್ದು.

"ಇದನ್ನು ಬರೆದವರಿಗೆ ಕತ್ತಲೆ ಗೊತ್ತುಂಟು ಮೇಡಂ. ಯಾರು ಬರೆದದ್ದು?" ಎಂದಳು ಮಿಸ್ರಿಯಾ.

"ಜೆಸ್ಸಿ ಅಂತ. ನನ್ನ ಜೊತೆ ಇದ್ದವಳು."

"ಅವರ ಹತ್ರ ಮಾತಾಡ್ಲಿಕ್ಕೆ ಆಗ್ತದಾ?"

ಕೊನೆಗೆ ನೀರು ಇರುವ ಜಾಗ ಬಂದಾಗ ನನಗೊಂದು ತಪ್ಪು ಸಿಕ್ಕಿತು. ನೀರು ಎಡಗಡೆ, ಕೈ ಚಾಚು ಎಂದಿತ್ತು ಆಟ. ನಮ್ಮ ಸುರಂಗದ ಬಾಯಿಗೆ ನೀರು ಬರುತ್ತಿದ್ದದ್ದು ಬಲಗೋಡೆಯ ಬುಡದಿಂದ. ಖಚಿತ ಮಾಡಿಕೊಳ್ಳಲು ಆ ಸಂಜೆ ತಮ್ಮನಿಗೆ ಫೋನು ಮಾಡಿದೆ. "ರಮೇಶ, ನಮ್ಮ ಸುರಂಗದ ಒಳಗೆ ಒರತೆ ಯಾವ ಬದಿಗೆ?"

"ಯಾರಿಗೆ ನೆನಪುಂಟು ಅಕ್ಕ? ನನಗೆ ಅಲ್ಲಿ ಹೋಗುದೆಂದ್ರೆ ಹೆದರಿಕೆ ಆಗ್ತಿತ್ತು. ಕಣ್ಣು ಮುಚ್ಚಿಕೊಂಡು ಅಪ್ಪನ ಹೆಗಲಿನ ಬೈರಾಸ ಹಿಡಿದುಕೊಂಡು ಹೋಗ್ತಿದ್ದೆ. ನಿನಗೆ ಹೊರಗೆ ನಿಲ್ಲಿಕ್ಕೆ ಸಿಗ್ತದೆ ಅಂತ ನನಗೆ ಹೊಟ್ಟೆ ಉರೀತಿತ್ತು" ಎಂದ.

ಎಷ್ಟು ವರ್ಷದ ಕಿಚ್ಚು ಅದು ನನ್ನದು. ಅವನು ಒಳಗನ್ನು ನೋಡಿಯೇ ಇರಲಿಲ್ಲ.

ಮರುದಿನ ಮಿಸ್ರಿಯಾಳನ್ನು ಕೂರಿಸಿಕೊಂಡು ಜೆಸ್ಸಿಗೆ ಫೋನು ಮಾಡಿದೆ. ಅವರಿಬ್ಬರೂ ಮಾತಾಡಿದರು, ಮಾತಾಡಿದರು. ಮಿಸ್ರಿಯಾಳಿಗೆ ಮಲಯಾಳವೂ ಬರುತ್ತದೆ, ನಡುವೆ ಅದಕ್ಕೆ ಹೊರಳಿದರು. ನನ್ನ ಫೋನು, ನನ್ನ ಲ್ಯಾಬು, ನಾನು ಎದುರಿಗೆ ಕೂತು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಕೊನೆಗೆ ಫೋನು ನನ್ನ ಕೈಗೆ ಬಂತು.

"ಪುಷ್ಪಕ್ಕ, ಕೇಳಿದ್ರಂತೆ" ಎಂದಳು ಜೆಸ್ಸಿ. ಸ್ವರ ಸ್ವಲ್ಪ ದಪ್ಪ ಆಗಿತ್ತು, ಎಳೆಯುವುದು ಹಾಗೆಯೇ ಇತ್ತು.

"ಕೇಳಿದೆ."

"ಹೇಗಾಗಿದೆ?"

ಚೆನ್ನಾಗಿದೆ ಎಂಬ ಒಂದು ಶಬ್ದ ಸಾಕಿತ್ತು. "ಒರತೆ ಎಡಗಡೆ ಅಲ್ಲ, ಬಲಗಡೆ" ಎಂದೆ.

ಅವಳು ನಕ್ಕಳು. ನನ್ನನ್ನು ಕಂಡು ನಕ್ಕ ನಗು ಅಲ್ಲ ಅದು, ಕಾದು ಕಾದು ಬಸ್ಸು ಬಂದಾಗ ನಗುತ್ತಾರಲ್ಲ, ಹಾಗೆ. "ನೀವು ಹೇಳ್ಬೇಕು ಅಂತಲೇ ಕಾದಿದ್ದೆ. ಸರಿ ಮಾಡಿ ಪುಷ್ಪಕ್ಕ. ಫೈಲು ನಿಮ್ಮ ಹತ್ರವೇ ಉಂಟಲ್ಲ. ಅದು ನಿಮ್ಮದೇ."

ಅಂದು ಊಟದ ಬಿಡುವಿನಲ್ಲಿ ಫೈಲು ತೆರೆದು ಆ ಸಾಲನ್ನು ಅಳಿಸಿದೆ. ಯೋಚಿಸಿ ಯೋಚಿಸಿ ಬರೆದೆ. ನಿನ್ನ ಬಲಗಡೆಯ ಬಂಡೆಯ ಸಂದಿನಿಂದ ಸ್ಫಟಿಕದಂಥ ನೀರು ಹನಿಹನಿಯಾಗಿ, ಮುತ್ತು ಪೋಣಿಸಿದ ಹಾಗೆ ಇಳಿಯುತ್ತಿದೆ. ಎರಡು ಸಲ ಓದಿಕೊಂಡೆ. ಚೆಂದ ಕಂಡಿತು.

ಸಂಜೆ ಮಿಸ್ರಿಯಾ ಬಂದಳು. ಸಾಲು ಬದಲಿಸಿದ್ದನ್ನು ನಾನು ಹೇಳಲಿಲ್ಲ. ಅವಳು ದಾರಿ ಗೊತ್ತಿದ್ದವಳಂತೆ ಸರಸರ ಒಳಗೆ ಹೋದಳು. ಒರತೆಯ ಹತ್ತಿರ ನಿಂತಳು. ಯಂತ್ರದಿಂದ ಆ ಸಾಲನ್ನು ಮತ್ತೊಮ್ಮೆ ಹೇಳಿಸಿಕೊಂಡಳು.

"ಇಲ್ಲಿ ಯಾರೋ ಕೈ ಹಾಕಿದ್ದಾರೆ ಮೇಡಂ" ಎಂದಳು.

"ಯಾರೋ ಸರಿ ಮಾಡಿರ್ಬೇಕು. ಹೇಗುಂಟು ಈಗ?"

ಅವಳ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೆಯೇ ಇದ್ದವು. "ಮೊದಲಿನದ್ದರಲ್ಲಿ ಕೈ ಒದ್ದೆ ಆಗ್ತಿತ್ತು" ಎಂದಳು.

ಅವಳು ಗೆಳತಿಯ ಜೊತೆ ಸುಳ್ಯದ ಬಸ್ಸಿಗೆ ಹೋದ ಮೇಲೆ ನಾನು ಫೈಲು ತೆರೆದು ಹಳೆಯ ಸಾಲನ್ನೇ ವಾಪಸು ಹಾಕಿದೆ. ನೀರು ಈಗಲೂ ಎಡಗಡೆಯೇ ಇದೆ. ಹಾಗೆ ವಾಪಸು ಹಾಕಿದ್ದನ್ನು ಜೆಸ್ಸಿಗೆ ಇನ್ನೂ ಹೇಳಿಲ್ಲ. ತಿಂಗಳಿಗೊಮ್ಮೆಯಾದರೂ ಫೋನು ಮಾಡುತ್ತಾಳೆ, ಸರಿ ಮಾಡಿದ್ರಾ ಎಂದು ಕೇಳುತ್ತಾಳೆ. ಮಾಡಿದೆ ಎನ್ನುತ್ತೇನೆ. ಅಷ್ಟು ಹೊಟ್ಟೆಕಿಚ್ಚು ನನ್ನಲ್ಲಿ ಇನ್ನೂ ಉಂಟು.